ಎಂಟಕ್ಕಿಂತ ಹೆಚ್ಚಾಗದು

ಗಾಜೀಪುರದ ಮನೆ. ಪಡಸಾಲೆ ಕಿತ್ತು ಹಾಕಿದೆ.
ಲಾಡ್ಲೇಸಾಬ ಗೌಂಡಿ ಹಾರೆಯ ಮೊನೆಯಿಂದ
ಒಂದೊಂದೇ ಹಳೆಯ ಪರಸಿ ಎಬ್ಬಿಸುತ್ತಾನೆ.
ನಾನು ಒಳಕೋಣೆಯಲ್ಲಿ, ಕೂಲರಿನ ಎದುರು,
ಲ್ಯಾಪ್‌ಟಾಪು ತೊಡೆಯ ಮೇಲೆ,
ಕರ್ನೆಲ್ಲಿಗೆ ಬಂದ ತೇಪೆಯೊಂದನ್ನು ಓದುತ್ತಿದ್ದೇನೆ.

ಬರೆದವಳು ಸುಗಂಧಾ ಮೂಲಗೆ. ಭಾಲ್ಕಿಯವಳಂತೆ.
ಮುಖ ನೋಡಿಲ್ಲ; ಅವಳು ಆವರಣ ಮುಚ್ಚುವ ರೀತಿ ಗೊತ್ತು.
ನಿದ್ದೆಹೋದ ಕೆಲಸಗಳ ಸಾಲನ್ನು ಒಡೆದಿದ್ದಾಳೆ:
ಒಂದರ ಕೈ ಇನ್ನೊಂದು ಹಿಡಿದು ನಿಂತ
ಹಳೆಯ ಸರಪಳಿ ಪಟ್ಟಿ. ಅದರ ಜಾಗಕ್ಕೆ
ಕೆಂಪು-ಕಪ್ಪು ಮರ. ಮುನ್ನೂರ ಹನ್ನೆರಡು ಸಾಲು ಹೊಸದು,
ನಲವತ್ತು ಹೋದವು.

ಮೊದಲು ಬಂದದ್ದು ಸಿಟ್ಟು.
ಎಂಟು ಜನ ಮಲಗಿದ ಮನೆಯಲ್ಲಿ
ಯಾರನ್ನು ಮೊದಲು ಎಬ್ಬಿಸಬೇಕೆಂದು ತಿಳಿಯಲು
ಗಿಡ ಹತ್ತಬೇಕೆ?
ಪ್ರತಿಯೊಬ್ಬರು ಬಂದಾಗಲೂ ಕೊಂಬೆ ತಿರುಗಿಸು, ಬಣ್ಣ ಬದಲಿಸು,
ಕೆಂಪಿನ ಕೆಳಗೆ ಕೆಂಪು ಬಾರದಂತೆ ಕಾಯಿ,
ಅದೂ ಬೀಗ ಹಿಡಿದುಕೊಂಡೇ.
ಅಷ್ಟು ಹೊತ್ತು ಇನ್ನೊಂದು ಕೋರು ಬಾಗಿಲಾಚೆ
ಸುತ್ತುತ್ತಲೇ ಇರುತ್ತದೆ
ಮೇ ತಿಂಗಳ ಬಿಸಿಲಲ್ಲಿ, ಚಪ್ಪಲಿ ಇಲ್ಲದೆ.

ಬರೆದೆ: ಯಾಕೆ? ಎಷ್ಟಿರುತ್ತವೆ, ಎಣಿಸಿದ್ದೀಯಾ?
ಕಳಿಸುವಷ್ಟರಲ್ಲಿ ಕರೆಂಟು ಹೋಯಿತು.

ಹೊರಗೆ ಬಂದರೆ ಗೌಂಡಿ ಹೊಸ ಕಲ್ಲು ಕೂಡಿಸುತ್ತಿದ್ದ.
"ಸಂದಿನ ಮುಂದ ಸಂದು ಬರಬಾರ್ದ್ರಿ ಅಕ್ಕೋರೆ.
ಬಂದ್ರ ಒಂದ ಬಿರುಕು ಬಾಗಲದಿಂದ ಬಚ್ಚಲತನಕ ಓಡ್ತದ."
ಇಷ್ಟು ಸಣ್ಣ ಪಡಸಾಲೆಗೂ ಇಷ್ಟು ಲೆಕ್ಕವೆ, ಅಂದೆ.
ಸೂತ್ರದ ದಾರ ಅವನ ಹಲ್ಲಲ್ಲಿತ್ತು. ಮಾತಿಲ್ಲ.
ಆಮೇಲೆ ದಾರ ಬಿಟ್ಟು,
"ಮ್ಯಾಲ ಯಾರ ಏನ ಇಡ್ತಾರ, ನನಗೇನ ಗೊತ್ರಿ."
ಹೌದು. ಹಿಂದಿನ ಬಾಡಿಗೆಯವರು ಇಲ್ಲಿ
ಹಿಟ್ಟಿನ ಗಿರಣಿ ಇಟ್ಟಿದ್ದರು.
ನೆಲ ಕುಂತದ್ದು ಅದರಿಂದಲೇ.

ಕರೆಂಟು ಬಂತು. ಕಳಿಸುವ ಮೊದಲು
ಹಳೆಯ ಪಟ್ಟಿಯ ಹುಟ್ಟು ಕೆದಕಿದೆ:
ಯಾರು ಬರೆದದ್ದು, ಯಾವಾಗ.
ಹನ್ನೊಂದು ವರ್ಷದ ಕೆಳಗೆ ಒಂದು ಟಿಪ್ಪಣಿ,
"ಎಂಟಕ್ಕಿಂತ ಹೆಚ್ಚಾಗದು, ಪಟ್ಟಿ ಸಾಕು."
ಪಕ್ಕದಲ್ಲಿ ನನ್ನದೇ ಹೆಸರು.

ಎಂಟು ಅಂತ ಹೇಗೆ ಗೊತ್ತಾಗಿತ್ತು ನನಗೆ?
ಆಗ ನನ್ನ ಮೇಜಿನ ಮೇಲಿದ್ದ ಯಂತ್ರಕ್ಕೆ ನಾಲ್ಕು ಕೋರು.
ನಾಲ್ಕೆರಡಲೆ ಎಂಟು. ಅಷ್ಟೇ.

ಸುಗಂಧಾ ತೇಪೆಯ ತೀರ ಕೆಳಗೆ ಅಳತೆ ಇಟ್ಟಿದ್ದಾಳೆ:
ಒಮ್ಮೊಮ್ಮೆಗೆ ಆರು ಸಾವಿರದ ನಾನೂರು.
ನಾನು ಅಲ್ಲಿತನಕ ಓದಿರಲಿಲ್ಲ.
ಸಾಲಿನ ಕೊನೆಯವನನ್ನು ಮುಟ್ಟಲು
ಆರು ಸಾವಿರ ಮನೆಯ ಕದ ತಟ್ಟಬೇಕು;
ಒಬ್ಬ ಶಹಾಬಜಾರದಲ್ಲಿ, ಮುಂದಿನವನು ಬ್ರಹ್ಮಪುರದಲ್ಲಿ,
ಅವನು ಕೈ ತೋರಿಸಿದ ಮುಂದಿನವನು
ಮತ್ತೆ ಶಹಾಬಜಾರದಲ್ಲಿ, ಮೊದಲಿನವನ ಹಿಂದಿನ ಓಣಿ.
ನೆನಪಿನ ಊರಿನಲ್ಲಿ ಯಾರೂ ಅಕ್ಕಪಕ್ಕ ಇರುವುದಿಲ್ಲ,
ಕೈ ಮಾತ್ರ ಹಿಡಿದಿರುತ್ತಾರೆ.

ಬರೆದದ್ದನ್ನು ಅಳಿಸಿದೆ. ಹೀಗೆ ಬರೆದೆ:

ಮರ ಸರಿ.
ಎಡತುದಿಯ ಎಲೆಯನ್ನು ಬೇರೆ ನೆನಪಿಟ್ಟುಕೋ,
ಮೊದಲು ಏಳುವವನಿಗಾಗಿ ಪ್ರತಿಸಲ ಬುಡದಿಂದ ಇಳಿಯಬೇಡ.
ಅಳತೆಯನ್ನು ಮೇಲಕ್ಕೆ ತಾ.
ಟಿಪ್ಪಣಿಯಲ್ಲಿ ಇಷ್ಟೇ ಅಂತ ಬರೆಯಬೇಡ.
ಯಾವ ದಿನ, ಯಾವ ಯಂತ್ರದ ಮೇಲೆ ಎಣಿಸಿದೆ,
ಅದನ್ನು ಬರೆ.
ಹಳೆಯ ಟಿಪ್ಪಣಿ ಯಾರದೆಂದು ನೀನು ನೋಡಿರುತ್ತೀ.
ಹೇಳದೆ ಇದ್ದದ್ದಕ್ಕೆ—

ಈ ಕೊನೆಯ ಎರಡು ಸಾಲು ತೆಗೆದು ಕಳಿಸಿದೆ.

ಸಂಜೆ ಗೌಂಡಿ ಕೈ ತೊಳೆಯುತ್ತಿದ್ದ.
ಕಿತ್ತ ಪರಸಿಗಳು ಗೋಡೆಗೆ ಆನಿಕೊಂಡು ನಿಂತಿದ್ದವು,
ಬೆನ್ನಿಗೆ ಇನ್ನೂ ಹಸಿ ಸುಣ್ಣದ ತಂಪು.
ಇವನ್ನೇನು ಮಾಡೋದು, ಕೇಳಿದೆ.
"ಬಚ್ಚಲಿಗಿ ಹಾಕ್ತೀನ್ರಿ. ಕಲ್ಲ ಛಲೋ ಅದಾವ.
ಅಲ್ಲಿ ಹೊತ್ತಿಗಿ ಒಬ್ಬರೇ ನಿಲ್ಲೋದು."